ಕೇಳಿದ್ದಷ್ಟೂ ಕೊಟ್ಟರು

ಮಾರ್ಚ್ 4, ಮಂಗಳವಾರ

ಒಪ್ಪಿಬಿಟ್ಟರು.

ಕೆಂಪು ಚುಕ್ಕಿ ಮಿನುಗುತ್ತಿದೆ, ಅಂದರೆ ಫೋನು ಕೇಳಿಸಿಕೊಳ್ಳುತ್ತಿದೆ. ಸರಿ, ಇನ್ನೊಂದು ಸಲ ಹೇಳುತ್ತೇನೆ, ನನಗೇ ನಂಬಿಕೆ ಬರಲಿ. ಒಪ್ಪಿಬಿಟ್ಟರು. ಪೂರ್ತಿ. ಒಂದಿಂಚೂ ಕಡಿಮೆ ಮಾಡದೆ.

ದೊಡ್ಡ ರಸ್ತೆಯಲ್ಲಿರುವ ನನ್ನ ಅಂಗಡಿಯ ಷಟರ್ ಅರ್ಧ ಇಳಿಸಿ, ಮಾರಾಟಕ್ಕಿಟ್ಟ ಮಂಚದ ಮೇಲೆ ಕೂತಿದ್ದೇನೆ. ಮನೆಗೆ ಇನ್ನೂ ಹೋಗಿಲ್ಲ. ಹೋದರೆ ತಮ್ಮನಿಗೆ ಹೇಳಬೇಕು. ಹೆಂಡತಿಗೆ ಮೊದಲು ಹೇಳೋಣ ಅಂದರೆ, ಈ ರೆಕಾರ್ಡಿಂಗ್ ಚಟ ಹತ್ತಿಸಿದವಳೇ ಅವಳು. "ನಂಗಿರೋದು ಎರಡೇ ಕಿವಿ. ಮಿಕ್ಕಿದ್ದನ್ನ ಫೋನಿಗೆ ಹೇಳ್ಕೊಳ್ಳಿ. ಅದು ಹೂಂಗುಟ್ಟಲ್ಲ ನಿಜ, ಆದ್ರೆ ನಿದ್ದೆನೂ ಮಾಡಲ್ಲ."

ವಿಷಯ ಇಷ್ಟು. ನಮ್ಮ ಬೀದಿ ಎರಡು ದೊಡ್ಡ ರಸ್ತೆಗಳ ನಡುವಿನ ಅಡ್ಡದಾರಿ. ಸಿಗ್ನಲ್ ತಪ್ಪಿಸಿಕೊಳ್ಳಲು ಅರ್ಧ ಊರು ನಮ್ಮ ಹೊಸಿಲು ಸವರಿಕೊಂಡು ಹೋಗುತ್ತದೆ. ಕಳೆದ ವರ್ಷ ಎದುರುಮನೆಯ ಕಂಪೌಂಡರ ಹೆಂಡತಿಗೆ ಸ್ಕೂಟರ್ ಗುದ್ದಿ ಸೊಂಟ ಮುರಿಯಿತು. ಅಲ್ಲಿಂದ ಆಕೆ ಹೊರಗೆ ಬಂದದ್ದನ್ನು ಯಾರೂ ನೋಡಿಲ್ಲ. ಅದೇ ಹೊತ್ತಿಗೆ ನಗರ ಯೋಜನೆಯ ಕಚೇರಿಯವರು, ಆರ್ಕಿಟೆಕ್ಚರ್ ಕಾಲೇಜಿನವರು, ಬಡಾವಣೆಯ ಜನ, ಮೂರೂ ಕಡೆಯವರು ಕೂತು ಬಡಾವಣೆಯ ನಕ್ಷೆ ಮಾಡಬೇಕು ಅಂತ ಒಂದು ಸಮಿತಿ ಆಯಿತು. ಬೀದಿಗೊಬ್ಬ ಪ್ರತಿನಿಧಿ. ನಮ್ಮವರು ಯೋಚನೆಯನ್ನೇ ಮಾಡದೆ ನನ್ನ ಕಡೆ ಬೆರಳು ತೋರಿಸಿದರು. ಹಳೇ ಮಂಚ, ಬೀರು, ಕುರ್ಚಿ ಮಾರುವವನು ನಾನು. ದಿನವಿಡೀ ಚೌಕಾಸಿಯೇ ಕೆಲಸ. ಬೀದಿಯಲ್ಲಿ ನನ್ನ ಹೆಸರು ರೇಡಿಯೊ.

ನಮಗೆ ಬೇಕಾಗಿದ್ದು ಗಾಡಿಗಳ ವೇಗ ತಗ್ಗಿಸಲು ರಸ್ತೆಗೆ ಎರಡು ಹಂಪು, ಹಗಲು ಹೊತ್ತು ಲಾರಿ ಬರಬಾರದು, ಅಷ್ಟೇ. ನಮ್ಮ ತಾರಸಿಯಲ್ಲಿ ಬೀದಿಯವರು ಸೇರಿದ್ದಾಗ ತಮ್ಮ ಹೇಳಿದ್ದ, "ಅಣ್ಣ, ಹಂಪು ಬೇಕು ಅಂತ ನೇರ ಕೇಳ್ಬಿಡು."

"ನಿಂಗೆ ನಟ್ಟು ಬೋಲ್ಟು ಗೊತ್ತು ಕಣೋ, ವ್ಯಾಪಾರ ಗೊತ್ತಿಲ್ಲ," ಅಂದಿದ್ದೆ ನಾನು. "ಹಂಪು ಕೇಳಿದ್ರೆ ಎರಡು ಬಿಳೀ ಪಟ್ಟೆ ಬಳಿದು ಹೋಗ್ತಾರೆ. ರಸ್ತೆನೇ ಮುಚ್ಚಿ ಅಂತ ಶುರು ಮಾಡೋಣ. ಅವರು ಆಗಲ್ಲ ಅಂತಾರೆ. ಇಳೀತಾ ಇಳೀತಾ ಹಂಪಿಗೆ ಬಂದು ನಿಲ್ಲೋಣ."

ಎಲ್ಲರೂ ತಲೆದೂಗಿದರು, ಮನವಿಗೆ ಎಲ್ಲರೂ ಸಹಿ ಹಾಕಿದರು. ತಮ್ಮನೂ ಕೈಯ ಗ್ರೀಸ್ ಒರೆಸಿಕೊಂಡು ಹಾಕಿದ.

ಇವತ್ತು ಸಭೆಯಲ್ಲಿ ಎದ್ದು ನಿಂತೆ. ಚೆನ್ನಾಗಿಯೇ ಮಾತಾಡಿದೆ, ಸುಳ್ಳೇಕೆ. "ಈ ತುದಿಯಿಂದ ಆ ತುದಿವರೆಗೆ ಒಂದೇ ಒಂದು ವಾಹನ ಬರಕೂಡದು. ಕಾರಾಗಲಿ, ಸ್ಕೂಟರಾಗಲಿ, ಟೆಂಪೋ ಆಗಲಿ. ಆಂಬುಲೆನ್ಸು, ಫೈರ್ ಎಂಜಿನ್ನು ಬಿಟ್ಟು ಏನೂ ಬೇಡ." ಕೂತು ನೀರು ಕುಡಿದು, ಚೌಕಾಸಿಗೆ ಸಜ್ಜಾದೆ.

ಆಫೀಸರು ಕಾಲೇಜಿನ ಮೇಡಂ ಮುಖ ನೋಡಿದರು. ಮೇಡಂ ಆಫೀಸರ ಮುಖ ನೋಡಿದರು. ಆಫೀಸರು, "ಒಪ್ಪಿದ್ವಿ," ಅಂದರು.

ಇಂಥದ್ದೊಂದು ಬೀದಿಗಾಗಿ ಅವರು ಊರೆಲ್ಲ ಹುಡುಕುತ್ತಿದ್ದರಂತೆ. ಜನರೇ ಬಾಯಿಬಿಟ್ಟು ಕೇಳಿದರೆ ಮಾತ್ರ ಮಾಡಬೇಕು ಅಂತ ನಿಯಮವಂತೆ. ಇಲ್ಲಿವರೆಗೆ ಯಾವ ಬೀದಿಯೂ ಕೇಳಿರಲಿಲ್ಲವಂತೆ. ಮೇಡಂ ಕಣ್ಣು ಒದ್ದೆಯಾಗಿತ್ತು. ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಬೀರುವಿಗೆ ಒಂದು ಬೆಲೆ ಹೇಳುತ್ತೇವೆ, ಅರ್ಧಕ್ಕೆ ಕೊಡೋಣ ಅಂತ ಮನಸ್ಸಿನಲ್ಲಿರುತ್ತದೆ. ಗಿರಾಕಿ ಮರುಮಾತಿಲ್ಲದೆ ಅಷ್ಟೂ ಕೊಟ್ಟು ಬೀರು ಹೊರಿಸಿಕೊಂಡು ಹೋದರೆ ಖುಷಿಯಾಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಎಲ್ಲಿ ಎಡವಿದೆ ಅಂತ ಲೆಕ್ಕ ಹಾಕುತ್ತಾ ಕೂರುವ ಹಾಗಾಗುತ್ತದೆ. ಈಗ ಹಾಗೇ ಆಗುತ್ತಿದೆ.

ಬೀದಿಯ ನಟ್ಟನಡುವೆ ನಮ್ಮ ಮನೆ. ಮಹಡಿಯಲ್ಲಿ ನಾವು, ಕೆಳಗೆ ಹಿಂಭಾಗದಲ್ಲಿ ತಮ್ಮನ ಸಂಸಾರ, ಮುಂಭಾಗದಲ್ಲಿ ಅವನ ಗ್ಯಾರೇಜು. ವಾಹನವೇ ಬರದ ಬೀದಿಯಲ್ಲಿ ಗ್ಯಾರೇಜಿನವನು ಏನು ರಿಪೇರಿ ಮಾಡಬೇಕು?


ಮಾರ್ಚ್ 5, ಬುಧವಾರ

ಹೇಳಿದೆ. ತಮ್ಮ ಕಾರಿನ ಕೆಳಗೆ ಮಲಗಿದ್ದ, ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಆ ಕಾಲಿಗೇ ಹೇಳಿದೆ. ಮುಖ ನೋಡಿ ಹೇಳುವುದಕ್ಕಿಂತ ಸುಲಭ ಅನ್ನಿಸಿತು.

"ಮೀಟಿಂಗ್ ಮುಗೀತು ಕಣೋ."

"ಎಷ್ಟಕ್ಕೆ ಇಳಿದೆ?" ಕಾರಿನ ಹೊಟ್ಟೆಯಿಂದ ದನಿ ಬಂತು. "ಎರಡು ಹಂಪಾ, ಒಂದಾ?"

"ಇಳೀಲಿಲ್ಲ."

"ಒಂದೂ ಕೊಡ್ಲಿಲ್ವಾ? ಹೋಗ್ಲಿ ಬಿಡು."

"ಹಾಗಲ್ಲ. ಅವರು ಇಳಿಸ್ಲೇ ಇಲ್ಲ. ಒಪ್ಪಿದ್ರು. ರಸ್ತೆ ಮುಚ್ತಾರೆ."

ಅವನು ನಕ್ಕ. ನನ್ನ ತಮಾಷೆಗೆ ಚಿಕ್ಕಂದಿನಿಂದ ನಗುವ ಹಾಗೇ ನಕ್ಕ. ನಾನು ಜೊತೆಗೆ ನಗಲಿಲ್ಲ. ಸ್ಪ್ಯಾನರಿನ ಸದ್ದು ನಿಂತಿತು. ಸರ್‍ರನೆ ಜಾರಿಕೊಂಡು ಹೊರಗೆ ಬಂದ.

"ನೀನು ಬೇಡ ಅನ್ಲಿಲ್ವಾ?"

"ಎಲ್ರೂ ಚಪ್ಪಾಳೆ ತಟ್ತಿದ್ರು ಕಣೋ."

"ಚಪ್ಪಾಳೆ," ಅಂದ ಅವನು. ಕೈ ಒರೆಸುವ ಬಟ್ಟೆ ಹುಡುಕಿದ. ಅದು ಹೆಗಲ ಮೇಲೇ ಇತ್ತು. "ಹೋಗಿ ಹೇಳು. ನಾಳೆನೇ ಹೋಗು. ತಪ್ಪಾಯ್ತು ಅನ್ನು. ನಿಂಗೆ ಮಾತಿಗೇನು ಬರನಾ."


ಮಾರ್ಚ್ 7, ಶುಕ್ರವಾರ

ಹೋಗಿದ್ದೆ. ಕಚೇರಿಯ ಮೇಜಿನ ಮೇಲೆ ಥರ್ಮಾಕೋಲಿನಲ್ಲಿ ನಮ್ಮ ಬಡಾವಣೆಯನ್ನೇ ಮಾಡಿಟ್ಟಿದ್ದಾರೆ. ಎಲ್ಲ ಬೀದಿಯಲ್ಲೂ ಬೆರಳುಗಾತ್ರದ ಕಾರುಗಳು. ನಮ್ಮದರಲ್ಲಿ ಇಲ್ಲ. ಆಗಲೇ ಕಿತ್ತುಹಾಕಿದ್ದಾರೆ. ಕಾರಿದ್ದ ಜಾಗದಲ್ಲಿ ಅಂಟಿನ ಕಲೆ ಇನ್ನೂ ಹಸಿಯಾಗಿತ್ತು.

"ಸಾರ್, ನಾವು ಕೇಳಿದ್ದು ಸ್ವಲ್ಪ ಜಾಸ್ತಿಯಾಯ್ತು," ಅಂದೆ.

"ಜಾಸ್ತಿ ಅಂದ್ರೆ?"

"ನಾನು ವ್ಯಾಪಾರದವನು ಸಾರ್. ಹೇಳೋದೇ ಡಬಲ್ಲು. ನಾವು ಹೇಳಿದ್ದರಲ್ಲಿ ಅರ್ಧ ತೆಗೆದು ಕೇಳಿಸ್ಕೋಬೇಕು."

ಆಫೀಸರು ಬಡಕಲು ಮನುಷ್ಯ, ಸಿಟ್ಟು ಬರುವುದಿಲ್ಲ. ತಮಾಷೆಗೂ ನಗುವುದಿಲ್ಲ. ಪಕ್ಕದಲ್ಲಿದ್ದ ಮೇಡಂ ಮಾತ್ರ ಪೆಚ್ಚಾದರು. "ಎಷ್ಟೋ ಮೀಟಿಂಗ್ ಮಾಡಿದೀವಿ ನಾವು. ಜನ ಬರ್ತಾರೆ, ಬೈದು ಹೋಗ್ತಾರೆ. ನಂಗೆ ಇಂಥದ್ದು ಬೇಕು ಅಂತ ಎದ್ದು ನಿಂತು ಹೇಳಿದೋರು ನೀವೊಬ್ರೇ. ನೀವು ಹೇಳಿದ್ದನ್ನ ಅಕ್ಷರಶಃ ನಂಬಿದ್ವಿ."

ಐವತ್ತು ವರ್ಷದಿಂದ ಮಾತಾಡುತ್ತಿದ್ದೇನೆ. ನನ್ನ ಮಾತನ್ನು ಹಾಗೇ ನಂಬಿದವರು ಯಾರಾದರೂ ಇದ್ದರಾ ಅಂತ ನೆನಪು ಮಾಡಿಕೊಂಡೆ. ಅವ್ವ ಕೂಡ ನಂಬುತ್ತಿರಲಿಲ್ಲ. ಗಿರಾಕಿಗಳ ಮಾತಂತೂ ಬಿಡಿ. ನಂಬುವುದಿಲ್ಲ ಅಂತ ಗೊತ್ತಿರುವುದರಿಂದಲೇ ಅಲ್ಲವಾ ನಾನು ಧೈರ್ಯವಾಗಿ ಮಾತಾಡುವುದು.

ಆರು ವಾರ ಪ್ರಯೋಗ, ಆಮೇಲೆ ಮತ್ತೆ ಸಭೆ, ಖಾಯಂ ಮಾಡುವುದೋ ಬಿಡುವುದೋ ಆಗ ತೀರ್ಮಾನ. ಅಲ್ಲಿವರೆಗೆ ಬದಲಾಯಿಸಲು ಬರುವುದಿಲ್ಲವಂತೆ.

"ಗ್ಯಾರೇಜಿದೆ ಸಾರ್ ನಮ್ಮ ಬೀದೀಲಿ."

"ಗೊತ್ತು," ಅಂದರು ಆಫೀಸರು. "ಅವರದ್ದೂ ಸಹಿ ಇದೆಯಲ್ಲ. ನಾವೂ ಆಶ್ಚರ್ಯಪಟ್ವಿ. ದೊಡ್ಡ ಮನಸ್ಸು ಅವರದು."


ಮಾರ್ಚ್ 17, ಸೋಮವಾರ

ಎರಡೂ ತುದಿಗೆ ಕಬ್ಬಿಣದ ಕಂಬ ನೆಟ್ಟರು. ಬೆಳಿಗ್ಗೆ ಎದ್ದಾಗ ನನ್ನ ಕಿವಿಗೆ ಏನೋ ಆಗಿದೆ ಅಂದುಕೊಂಡೆ. ಹೆಂಡತಿಯನ್ನು ಕರೆದೆ. "ಕೇಳಿಸ್ತಿದೆಯಾ?" "ಏನು?" "ಅದೇ. ಏನೂ ಇಲ್ಲವಲ್ಲ." ಅವಳೂ ಬಾಗಿಲಲ್ಲಿ ನಿಂತಳು. ನಮ್ಮ ಗೋಡೆ ಗಡಿಯಾರಕ್ಕೆ ಸದ್ದಿದೆ ಅಂತ ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇವತ್ತು ಗೊತ್ತಾಯಿತು. ಕೆಳಗೆ ತಮ್ಮ ಕೆಮ್ಮಿದ್ದೂ ಕೇಳಿಸಿತು. ಅವನು ಎಷ್ಟು ದಿನದಿಂದ ಹಾಗೆ ಕೆಮ್ಮುತ್ತಿದ್ದಾನೋ.

ಹತ್ತು ಗಂಟೆಯ ಹೊತ್ತಿಗೆ ಕಂಪೌಂಡರ ಹೆಂಡತಿ ವಾಕರ್ ಹಿಡಿದು ಹೊಸಿಲಿಗೆ ಬಂದರು. ಆ ಕಡೆ ನೋಡಿದರು, ಈ ಕಡೆ ನೋಡಿದರು, ಮತ್ತೆ ಆ ಕಡೆ ನೋಡಿದರು. ಒಂದು ಹೆಜ್ಜೆ ಇಳಿದರು. ಇನ್ನೊಂದು. ರಸ್ತೆಯ ಮಧ್ಯಕ್ಕೆ ಬಂದು ನಿಂತೇಬಿಟ್ಟರು. ಕಂಪೌಂಡರು ಹಿಂದೆ ಎರಡೂ ಕೈ ಚಾಚಿ ನಿಂತಿದ್ದರು, ಬೀಳುವ ಗಾಜಿನ ಪಾತ್ರೆ ಹಿಡಿಯುವವರ ಹಾಗೆ. ಆಕೆ ಬೀಳಲಿಲ್ಲ.

ಅದೇ ಹೊತ್ತಿಗೆ ಕೆಳತುದಿಯಲ್ಲಿ ಒಂದು ವ್ಯಾನು ಬಂದು ನಿಂತಿತು, ತಮ್ಮನ ಹಳೇ ಗಿರಾಕಿ. ತಮ್ಮ ಓಡಿಹೋದ. ತಳ್ಳಿಕೊಂಡಾದರೂ ಬರುತ್ತೇನೆ ಅಂದ. ಕಂಬದ ಹತ್ತಿರ ಕೂತಿದ್ದ ಕಾವಲಿನವನು, "ತಳ್ಳಿದ್ರೂ ವಾಹನ ವಾಹನವೇ, ನನ್ನ ಕೆಲಸ ಹೋಗತ್ತೆ," ಅಂದ. ದೊಡ್ಡ ರಸ್ತೆಯ ಬದಿಯಲ್ಲೇ ಬಾನೆಟ್ ಎತ್ತಿದರು. ಟ್ರಾಫಿಕ್ ಪೊಲೀಸ್ ಬಂದು ಎಬ್ಬಿಸಿದ.

ತಮ್ಮ ಖಾಲಿ ಕೈಯಲ್ಲಿ ಬೀದಿಯ ಮಧ್ಯೆ ನಡೆದುಕೊಂಡು ವಾಪಸ್ ಬಂದ. ನಾನು ಬಾಲ್ಕನಿಯಲ್ಲಿದ್ದೆ. ತಲೆ ಎತ್ತಲಿಲ್ಲ.


ಮಾರ್ಚ್ 19, ಬುಧವಾರ

ಮೆಟ್ಟಿಲಲ್ಲಿ ಎದುರಾದ. ನಾನು ಬಾಯಿ ತೆರೆದೆ. ಅವನು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ, ಗುರುತಿಲ್ಲದವರಿಗೆ ಬಿಡುವ ಹಾಗೆ.

ಇವತ್ತು ಇಷ್ಟೇ.


ಮಾರ್ಚ್ 29, ಶನಿವಾರ

ತಮ್ಮನ ಹೆಂಡತಿ ಅಂಗಡಿಗೆ ಬಂದಿದ್ದಳು. ಎಂದೂ ಬಂದವಳಲ್ಲ. ಒಂದು ಕುರ್ಚಿ ಎಳೆದುಕೊಟ್ಟೆ. ಅದರ ಕಾಲು ಕುಂಟುತ್ತದೆ ಅಂತ ನೆನಪಾಗಿ ಇನ್ನೊಂದು ಕೊಟ್ಟೆ.

"ಭಾವ, ನೀವು ಬೇಜಾರು ಮಾಡ್ಕೋಬಾರ್ದು."

"ಹೇಳಮ್ಮ."

"ಬಸ್ ಡಿಪೋ ದಾಟಿ ಒಂದು ಶೆಡ್ ನೋಡಿದಾರೆ. ಮೀಟಿಂಗಲ್ಲಿ ಖಾಯಂ ಆಯ್ತು ಅಂದ್ರೆ ಅಲ್ಲಿಗೆ ಹೋಗೋದು ಅಂತ. ಮನೆನೂ ಅಲ್ಲೇ ಪಕ್ಕದಲ್ಲಿ."

"ಮನೆ ಯಾಕೆ?"

ಅವಳು ಸೆರಗಿನ ಅಂಚು ಮಡಿಸಿದಳು, ಬಿಚ್ಚಿದಳು. "ಅಷ್ಟು ದೂರ ದಿನಾ ಓಡಾಡೋದು ಕಷ್ಟ ಅಂತಾರೆ. ಅದು ನೆಪ ಭಾವ. ನಿಮ್ಮ ಹೆಜ್ಜೆ ಸದ್ದು ತಲೆ ಮೇಲೆ ಕೇಳಿದ್ರೆ ಊಟ ಬಿಟ್ಟು ಏಳ್ತಾರೆ."

ಅವ್ವ ಹೋದಾಗಲೂ ಬೇರೆಯಾಗದವರು ನಾವು. ಆಗ ನೆಂಟರೆಲ್ಲ ಕೂತು ಮನೆಯ ನಡುವೆ ಗೋಡೆ ಎಬ್ಬಿಸಿಕೊಳ್ಳಿ ಅಂದಿದ್ದರು. ತಮ್ಮ, "ಗೋಡೆ ಹಾಕಿದ್ರೂ ಅಣ್ಣನ ದನಿ ಬರತ್ತೆ, ಸಿಮೆಂಟು ದಂಡ," ಅಂದು ಎಲ್ಲರನ್ನೂ ನಗಿಸಿದ್ದ.

ಈಗ ಹೆಜ್ಜೆ ಸದ್ದಿಗೇ ಏಳುತ್ತಾನಂತೆ. ಅವಳು ಹೋದ ಮೇಲೆ ಆ ಕುಂಟು ಕುರ್ಚಿಯಲ್ಲೇ ಕೂತಿದ್ದೆ. ಗಿರಾಕಿ ಬಂದು ಡೈನಿಂಗ್ ಟೇಬಲ್ ಎಷ್ಟು ಅಂತ ಕೇಳಿದ. ನನಗೆ ಬೇಕಾಗಿದ್ದ ಬೆಲೆಯನ್ನೇ ಹೇಳಿಬಿಟ್ಟೆ. ಅವನು ಅನುಮಾನಪಟ್ಟು ಹೊರಟುಹೋದ.


ಏಪ್ರಿಲ್ 8, ಮಂಗಳವಾರ

ಇವತ್ತು ಮನೆಮನೆಗೆ ಹೋಗಿ, ರಸ್ತೆ ತೆರೆಸೋಣ, ಸಾಕು ಈ ಆಟ ಅಂತ ಹೇಳಬೇಕು ಅಂತಲೇ ಹೊರಟೆ. ಮೊದಲು ಕಂಪೌಂಡರ ಮನೆ. ಅವರು ಒಪ್ಪಿದರೆ ಮಿಕ್ಕವರು ಒಪ್ಪುತ್ತಾರೆ, ಹಂಪಿನ ಮಾತು ಶುರುವಾದದ್ದೇ ಅವರಿಂದ.

"ಏನಯ್ಯಾ ರೇಡಿಯೊ, ಸ್ಟೇಷನ್ ಬಂದ್ ಆಗಿದೆಯಂತೆ," ಅಂದರು ಕಂಪೌಂಡರು.

ಅವರ ಹೆಂಡತಿ ಒಳಗಿಂದ ಬಂದರು. ವಾಕರಿಗೆ ಮುಂದೆ ಎರಡು ಪುಟ್ಟ ಚಕ್ರ. ಎತ್ತಿ ಎತ್ತಿ ಇಡುವುದು ತಪ್ಪಿದೆ, ಸಲೀಸಾಗಿ ಉರುಳುತ್ತದೆ.

"ಇದೆಲ್ಲಿ ಮಾಡಿಸಿದ್ರಿ?"

"ನಿನ್ನ ತಮ್ಮ ಹಾಕ್ಕೊಟ್ಟ," ಅಂದರು ಆಕೆ. "ಕೆಲಸ ಇಲ್ಲ, ಕೈ ಸುಮ್ನಿರಲ್ಲ ಅಂದ. ಬ್ರೇಕೂ ಇದೆ ನೋಡು."

ನಾನು ಆ ಬ್ರೇಕನ್ನೇ ನೋಡುತ್ತಾ ನಿಂತೆ. ಯಾವ ರಸ್ತೆ ಅವನ ಅನ್ನ ಕಿತ್ತುಕೊಂಡಿತೋ ಆ ರಸ್ತೆಯಲ್ಲಿ ಈಕೆ ನಡೆಯಲಿ ಅಂತ ಚಕ್ರ ಹಾಕಿಕೊಟ್ಟಿದ್ದಾನೆ. ನನಗೆ ಹೇಳಿಲ್ಲ. ಹೇಳುವುದೆಲ್ಲಿ, ಮಾತೇ ಇಲ್ಲವಲ್ಲ.

"ರಸ್ತೆ ತೆಗೆಸೋಣ ಅನ್ನೋಕೆ ಬಂದ್ಯಾ?" ಅಂದರು ಆಕೆ.

ನಾನು ವಾಕರಿನ ಬ್ರೇಕು ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ.

"ಬಾಯಲ್ಲಿ ಏನಿಟ್ಕೊಂಡಿದೀಯೋ? ಮಾತಾಡು."

"ತಮ್ಮ ಮನೆ ಬಿಟ್ಟು ಹೋಗ್ತಾನಂತೆ," ಅಂದೆ. ಅದನ್ನು ಹೇಳಬೇಕು ಅಂತ ಬಂದಿರಲಿಲ್ಲ.

ಕಂಪೌಂಡರು ಹೆಂಡತಿಯ ಮುಖ ನೋಡಿದರು. ಆಮೇಲೆ ಆಕೆ, "ಅವನ ಗ್ಯಾರೇಜಿಗೆ ಬರೋ ಗಾಡಿ ಬಂದ್ರೆ ನಂಗೇನೂ ಇಲ್ಲಪ್ಪ. ನಾನು ನಡೆಯೋವಷ್ಟು ನಿಧಾನ ಬರಲಿ," ಅಂದರು.

ಮಿಕ್ಕ ಮನೆಗಳಿಗೂ ಹೋದೆ. ಈ ಸಲ ಅವರೇ ಮಾತಾಡಿದರು. ಎಲ್ಲರದ್ದೂ ಸುಮಾರಾಗಿ ಅದೇ ಮಾತು. ಜೊತೆಗೆ ಎಲ್ಲರದ್ದೂ ಒಂದು ಬುದ್ಧಿವಾದ: "ಕೇಳೋದಾದ್ರೆ ಜಾಸ್ತಿ ಕೇಳು. ಎಲ್ಲ ಗಾಡಿನೂ ಬಿಡಿ ಅನ್ನು. ಆಗ ಗ್ಯಾರೇಜಿನ ಗಾಡಿನಾದ್ರೂ ಬಿಡ್ತಾರೆ." ನನ್ನ ಮಾತನ್ನೇ ನನಗೆ ಹೇಳಿದರು.

ರಾತ್ರಿ ಊಟದಲ್ಲಿ, ಏನು ಮಾಡಲಿ ಅಂತ ಹೆಂಡತಿಯನ್ನು ಕೇಳಿದೆ. ಅವಳು ತಟ್ಟೆಯಿಂದ ತಲೆ ಎತ್ತದೆ, "ಈ ಸಲ ಬೇಕಾದ್ದಷ್ಟೇ ಕೇಳಿ. ಒಂದ್ಸಲ ಮಾಡಿ ನೋಡಿ. ಹೇಗಿರತ್ತೆ ಅಂತ ನಂಗೂ ನೋಡ್ಬೇಕು," ಅಂದಳು.


ಏಪ್ರಿಲ್ 28, ಸೋಮವಾರ

ಮತ್ತೆ ಅಂಗಡಿಯಲ್ಲೇ ಕೂತಿದ್ದೇನೆ.

ಸಭೆಗೆ ತಮ್ಮನೂ ಬಂದಿದ್ದ. ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ, ಎದ್ದು ಹೋಗಲು ಅನುಕೂಲವಾಗುವ ಹಾಗೆ. ಮೇಡಂ ಮೊದಲು ಮಾತಾಡಿದರು. ಬೀದಿ ಮುಚ್ಚಿದ್ದು ಖಾಯಂ ಆಗಬೇಕು ಅಂತ ಮನೆಮನೆಯವರೂ ಹೇಳಿದ್ದಾರೆ ಅಂದರು. ಆಮೇಲೆ ನನ್ನ ಸರದಿ.

ಎದ್ದೆ. "ರಸ್ತೆ ಮುಚ್ಚೇ ಇರ್ಲಿ. ಗ್ಯಾರೇಜಿಗೆ ಬರೋ ಗಾಡಿ ಮಾತ್ರ ಕೆಳತುದಿಯಿಂದ ಗ್ಯಾರೇಜಿನ ಬಾಗಿಲವರೆಗೆ ಬರ್ಲಿ. ನಡೆಯೋವಷ್ಟು ನಿಧಾನ. ಬೆಳಿಗ್ಗೆಯಿಂದ ಸಂಜೆವರೆಗೆ. ಇಷ್ಟೇ." ಕೂತೆ.

ಸಭೆಗೆ ಸಭೆಯೇ ಕಾದಿತ್ತು, ಇನ್ನೂ ಏನೋ ಹೇಳುತ್ತಾನೆ ಅಂತ. ಕಂಪೌಂಡರು ನನ್ನ ಮೊಣಕೈ ತಿವಿದರು. ನನ್ನ ಹತ್ತಿರ ಮಾತು ಉಳಿದಿರಲಿಲ್ಲ. ಇಟ್ಟುಕೊಂಡಿದ್ದನ್ನು ಪೂರ್ತಿ ಕೊಟ್ಟಿದ್ದೆ.

ಆಫೀಸರು ಕನ್ನಡಕ ಸರಿಮಾಡಿಕೊಂಡರು. "ಹೋದ ಸಲ ನೀವು ಹೇಳಿದ್ದನ್ನ ಪೂರ್ತಿ ತಗೊಂಡು ನಾವು ತಪ್ಪು ಮಾಡಿದ್ವಿ. ಅರ್ಧ ತೆಗೆದು ಕೇಳಿಸ್ಕೋಬೇಕು ಅಂತ ನೀವೇ ಬಂದು ತಿಳಿಸಿದ್ರಿ. ಹಾಗಾಗಿ ಈ ಸಲ ಅರ್ಧ. ನಿಮ್ಮ ಬೀದಿಯ ನಲ್ಲಿ ಕಟ್ಟೆವರೆಗೆ ಗಾಡಿ ಬರಬಹುದು. ಅಲ್ಲಿ ಎಂಜಿನ್ ಆಫ್ ಮಾಡಿ, ಮಿಕ್ಕ ಅರ್ಧ ದಾರಿ ಕೈಯಲ್ಲಿ ತಳ್ಕೊಂಡು ಹೋಗಬೇಕು."

ವ್ಯಂಗ್ಯ ಮಾಡುತ್ತಿದ್ದಾರಾ ಅಂತ ಮುಖ ನೋಡಿದೆ. ಇಲ್ಲ. ಆತ ಮನಃಪೂರ್ವಕವಾಗಿ ನನ್ನ ಭಾಷೆ ಕಲಿತಿದ್ದ. ನನಗೆ ಸಹಾಯ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದ.

ಮೇಡಂ, "ಸಾರ್, ಪೂರ್ತಿ ಬಿಟ್ರೂ ತೊಂದ್ರೆ ಇಲ್ವೇನೋ," ಅಂದರು. "ಅವರೇನೂ ಅನ್ನಲಿಲ್ಲವಲ್ಲ," ಅಂದರು ಆಫೀಸರು ನನ್ನ ಕಡೆ ತೋರಿಸಿ. ನಿಜ, ನಾನೇನೂ ಅನ್ನಲಿಲ್ಲ. ಬಾಯಿ ತೆರೆದೇ ಇತ್ತು. ಬರೆದುಕೊಂಡರು, ಮುಂದಿನ ಬೀದಿಯವರನ್ನು ಕರೆದರು.

ತಿರುಗಿ ನೋಡಿದೆ. ತಮ್ಮ ನನ್ನನ್ನೇ ನೋಡುತ್ತಿದ್ದ. ಸಿಟ್ಟಲ್ಲ. ಇಷ್ಟು ವರ್ಷ ನೋಡಿದ ಅಣ್ಣನ ಮುಖದಲ್ಲಿ ಬೇರೆ ಯಾರದೋ ಮುಖ ಕಂಡವನ ಹಾಗೆ. ಅಷ್ಟರಲ್ಲಿ ಜನ ಅಡ್ಡ ಬಂದರು. ದಾಟಿ ಹೋಗುವುದರೊಳಗೆ ಅವನ ಕುರ್ಚಿ ಖಾಲಿ.

ಅರ್ಧ ದಾರಿ. ಅರ್ಧ ದಾರಿ ಇಟ್ಟುಕೊಂಡು ಅವನು ಏನು ಮಾಡುತ್ತಾನೆ?


ಮೇ 2, ಶುಕ್ರವಾರ

ಬೆಳಿಗ್ಗೆ ಅಂಗಡಿಗೆ ಹೊರಟವನು ನಲ್ಲಿ ಕಟ್ಟೆಯ ಹತ್ತಿರ ನಿಂತೆ. ಸಾಮಾನು ಸಾಗಿಸುವ ವ್ಯಾನೊಂದು ಎಂಜಿನ್ ಆರಿಸಿ ನಿಂತಿತ್ತು. ಅದರ ಒಡೆಯ ಒಳಗೆ ಸ್ಟೇರಿಂಗ್ ಹಿಡಿದು ಕೂತಿದ್ದ. ತಮ್ಮ ಹಿಂದೆ ಒಬ್ಬನೇ, ಹೆಗಲು ಕೊಟ್ಟು ತಳ್ಳುತ್ತಿದ್ದ. ಅಲ್ಲಿಂದ ಮನೆಗೆ ಸ್ವಲ್ಪ ಏರು. ವ್ಯಾನು ಒಂದು ಮೊಳ ಹೋಗುತ್ತಿತ್ತು, ಅರ್ಧ ಮೊಳ ವಾಪಸ್ ಬರುತ್ತಿತ್ತು. ಅವನ ಕುತ್ತಿಗೆಯ ನರ ಉಬ್ಬಿದ್ದವು.

ನಾನು ಚೀಲ ಕಟ್ಟೆಯ ಮೇಲಿಟ್ಟು ಅವನ ಪಕ್ಕ ಹೋಗಿ ಕೈ ಕೊಟ್ಟೆ. ತಗಡು ಆಗಲೇ ಬಿಸಿಲಿಗೆ ಕಾದಿತ್ತು. ಅವನು ನೋಡಲಿಲ್ಲ, ಸರಿದು ಜಾಗ ಬಿಟ್ಟ. ವ್ಯಾನು ಅಲುಗಿತು. ಹೋಗತೊಡಗಿತು.

"ಆವತ್ತು ಸಭೇಲಿ ನಾನು ಏನಂದ್ಕೊಂಡಿದ್ದೆ ಅಂದ್ರೆ..." ಅಂತ ಶುರು ಮಾಡಿದೆ.

"ಅಣ್ಣ," ಅಂದ. ಏದುಸಿರಿನಲ್ಲಿ, ಹಲ್ಲು ಕಚ್ಚಿಕೊಂಡು. "ಮಾತು ಬೇಡ. ತಳ್ಳು."

ತಳ್ಳಿದೆ. ಕಂಪೌಂಡರ ಹೆಂಡತಿ ವಾಕರ್ ಉರುಳಿಸಿಕೊಂಡು ನಮ್ಮ ಪಕ್ಕದಲ್ಲೇ ಬಂದರು, ಸ್ವಲ್ಪ ದೂರ ಹೋಗಿ ನಮಗಿಂತ ಮುಂದಾದರು. "ಏನ್ರೋ, ಇಬ್ರೂ ಸೇರಿ ಇಷ್ಟೇನಾ," ಅಂದರು ತಿರುಗಿ. ತಮ್ಮನಿಗೆ ನಗು ಬಂತು. ನಗು ಬಂದದ್ದೇ ಕೈ ಸಡಿಲವಾಗಿ ವ್ಯಾನು ಹಿಂದಕ್ಕೆ ಬಂತು, ನನ್ನ ಕಾಲು ಜಾರಿತು. ಅವನು ನನ್ನ ಅಂಗಿಯ ಕಾಲರು ಹಿಡಿದು ಎತ್ತಿ ನಿಲ್ಲಿಸಿ, ಬೆನ್ನನ್ನು ವ್ಯಾನಿಗೆ ಕೊಟ್ಟು ತಡೆದ. ಮತ್ತೆ ತಳ್ಳಿದೆವು. ಗ್ಯಾರೇಜಿನ ಬಾಗಿಲು ಬಂತು.

ಬಾಗಿಲಲ್ಲಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಾಗ ಅವನ ಫೋನು ಹೊಡೆದುಕೊಂಡಿತು. ಯಾರೋ ಗಿರಾಕಿ. ಶೆಡ್ಡಿನ ವಿಷಯ ಕೇಳಿರಬೇಕು, ಡಿಪೋ ಹತ್ತಿರ ಹೋದಿರಂತಲ್ಲ ಅಂತ. ತಮ್ಮ ಎಣ್ಣೆ ಕೈಯಿಂದಲೇ ಫೋನು ಕಿವಿಗಿಟ್ಟುಕೊಂಡ.

"ಇಲ್ಲ ಸಾರ್, ಎಲ್ಲೂ ಹೋಗಿಲ್ಲ. ನಾಳೆ ಎಂಟಕ್ಕೆ ತನ್ನಿ. ನಲ್ಲಿ ಕಟ್ಟೆ ಹತ್ರ ನಿಲ್ಲಿಸಿ ಸಾಕು. ನಾವಿಬ್ರು ಇರ್ತೀವಿ."

ಇಬ್ಬರು ಅಂದರೆ ಯಾರು ಅಂತ ಕೇಳೋಣ ಅಂತ ಬಾಯಿ ತೆರೆದೆ. ಕೇಳಲಿಲ್ಲ.

ನಾಳೆ ಅಂಗಡಿ ತೆರೆಯುವುದು ತಡವಾಗುತ್ತದೆ.